ಅಣುಬಾಂಬ್ ಬಿದ್ದರೆ ಅಯೋಡಿನ್ ಉಪ್ಪು ಕಾಪಾಡುತ್ತದೆಯೇ? ವೈದ್ಯರು ಹೇಳುವುದೇ ಬೇರೆ

ಯುದ್ಧದ ಸುದ್ದಿ ಜೋರಾದಾಗಲೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಈ ಸಲಹೆ ಓಡಾಡುತ್ತದೆ: ಅಣುಬಾಂಬ್ ಬಿದ್ದರೆ ಅಯೋಡಿನ್ ಮಾತ್ರೆ ನುಂಗಿ, ಸಿಗದಿದ್ದರೆ ಅಯೋಡಿನ್ ಉಪ್ಪು ತಿನ್ನಿ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರ ಅಪಘಾತವಾದಾಗ ಇಂಥದ್ದೇ ಮಾತು ನಂಬಿ ಚೀನಾದಲ್ಲಿ ಜನ ಉಪ್ಪಿಗಾಗಿ ಅಂಗಡಿಗಳಿಗೆ ಮುಗಿಬಿದ್ದಿದ್ದರು.

ಇದರಲ್ಲಿ ನಿಜ ಸ್ವಲ್ಪ ಮಾತ್ರ. ಪೊಟ್ಯಾಸಿಯಂ ಅಯೋಡೈಡ್ ಮಾತ್ರೆ ಥೈರಾಯ್ಡ್ ಗ್ರಂಥಿಯನ್ನು ಮೊದಲೇ ತುಂಬಿಸಿಬಿಡುತ್ತದೆ. ಆಮೇಲೆ ಬರುವ ವಿಕಿರಣಶೀಲ ಅಯೋಡಿನ್‌ಗೆ ಅಲ್ಲಿ ಜಾಗ ಇರುವುದಿಲ್ಲ. ಅಣುಸ್ಥಾವರದ ಅಪಘಾತಕ್ಕೆ ಇದು ಉಪಯುಕ್ತ. ಬಾಂಬಿನ ಬೆಂಕಿ, ಸ್ಫೋಟದ ಹೊಡೆತ, ಬೇರೆ ವಿಕಿರಣ, ಯಾವುದಕ್ಕೂ ಇದು ಮದ್ದಲ್ಲ. ಇನ್ನು ಉಪ್ಪು: ಒಂದು ಗ್ರಾಂ ಉಪ್ಪಿನಲ್ಲಿ ಇರಬೇಕಾದ ಅಯೋಡಿನ್ ಕನಿಷ್ಠ 15 ಮೈಕ್ರೋಗ್ರಾಂ. ವಯಸ್ಕರ ಒಂದು ಮಾತ್ರೆಯಲ್ಲಿ ಸುಮಾರು 100 ಮಿಲಿಗ್ರಾಂ. ಅಷ್ಟಾಗಲು ಆರು ಕೆ.ಜಿ.ಗೂ ಹೆಚ್ಚು ಉಪ್ಪು ತಿನ್ನಬೇಕು! ಬಾಂಬಿಗಿಂತ ಮೊದಲು ಉಪ್ಪೇ ಕೊಲ್ಲುತ್ತದೆ.

ಹಾಗಾದರೆ ಆಸ್ಪತ್ರೆಗೆ ಓಡಿದರೆ? ಬಾಪೂಜಿ ನಗರದವರು ಮೈಸೂರು ರಸ್ತೆ ಹಿಡಿದು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡ್ ಮುಟ್ಟಬಹುದು. ಆದರೆ ತೀವ್ರವಾಗಿ ಸುಟ್ಟ ಒಬ್ಬ ರೋಗಿಗೇ ವಾರಗಟ್ಟಲೆ ಡ್ರಿಪ್, ಡ್ರೆಸ್ಸಿಂಗ್, ಚರ್ಮ ಕಸಿ ಬೇಕು. ಒಂದೇ ದಿನ ಸಾವಿರಾರು ಜನ ಬಂದರೆ? ಅದೂ ಆಸ್ಪತ್ರೆಯೇ ಉಳಿದಿದ್ದರೆ!

1945ರ ಆಗಸ್ಟ್ 6ರಂದು ಹಿರೋಷಿಮಾದಲ್ಲಿ ಆದದ್ದು ಅದೇ. ಊರಿನ ವೈದ್ಯರು, ದಾದಿಯರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಗಾಯಗೊಂಡರು. 600 ಹಾಸಿಗೆಯ ರೆಡ್ ಕ್ರಾಸ್ ಆಸ್ಪತ್ರೆಗೆ ಸುಮಾರು ಹತ್ತು ಸಾವಿರ ಗಾಯಾಳುಗಳು ಬಂದರು. ಅಲ್ಲಿ ಗಾಯವಾಗದೆ ಉಳಿದ ಒಬ್ಬನೇ ವೈದ್ಯ ತೆರುಫುಮಿ ಸಸಾಕಿ. ತನ್ನ ಕನ್ನಡಕ ಕಳೆದುಹೋಗಿ, ಗಾಯಗೊಂಡ ನರ್ಸ್ ಒಬ್ಬಳದನ್ನು ಹಾಕಿಕೊಂಡು ಆತ ಚಿಕಿತ್ಸೆ ಕೊಟ್ಟ.

‘ವೈದ್ಯರಿಗೇಕೆ ರಾಜಕೀಯ?’ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಚಿಕಿತ್ಸೆಯೇ ಇಲ್ಲದ ಕಾಯಿಲೆಯನ್ನು ಬರದಂತೆ ತಡೆಯುವುದೊಂದೇ ದಾರಿ. ಇದೇ ವಾದದ ಮೇಲೆ 1980ರಲ್ಲಿ ಇಬ್ಬರು ಹೃದ್ರೋಗ ತಜ್ಞರು, ಅಮೆರಿಕದ ಬರ್ನಾರ್ಡ್ ಲೌನ್ ಮತ್ತು ಸೋವಿಯತ್ ಒಕ್ಕೂಟದ ಯೆವ್ಗೆನಿ ಚಾಜೊವ್, ತಮ್ಮ ದೇಶಗಳು ಶತ್ರುಗಳಾಗಿದ್ದಾಗಲೇ ಸೇರಿ ಅಣುಯುದ್ಧ ತಡೆಯುವ ವೈದ್ಯರ ಅಂತರರಾಷ್ಟ್ರೀಯ ಸಂಘಟನೆ ಕಟ್ಟಿದರು. 1985ರಲ್ಲಿ ಅದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿ. ಓಸ್ಲೋದ ಪತ್ರಿಕಾಗೋಷ್ಠಿಯಲ್ಲಿ ಸೋವಿಯತ್ ಪತ್ರಕರ್ತರೊಬ್ಬರ ಹೃದಯ ನಿಂತಾಗ ಇಬ್ಬರೂ ಮಾತು ಬಿಟ್ಟು ಅವರನ್ನು ಉಳಿಸಲು ಧಾವಿಸಿದರು. ಅವರು ಬದುಕಿಕೊಂಡರು.

ಭಾರತದಲ್ಲಿ ಇದರ ಶಾಖೆ ‘ಇಂಡಿಯನ್ ಡಾಕ್ಟರ್ಸ್ ಫಾರ್ ಪೀಸ್ ಅಂಡ್ ಡೆವಲಪ್‌ಮೆಂಟ್’. 2008ರಲ್ಲಿ ಸಂಘಟನೆಯ ವಿಶ್ವ ಸಮ್ಮೇಳನ ದೆಹಲಿಯಲ್ಲೇ ನಡೆಯಿತು. ಇವರೆಲ್ಲ ಒತ್ತಾಯಿಸಿದ ಅಣ್ವಸ್ತ್ರ ನಿಷೇಧ ಒಪ್ಪಂದ 2021ರ ಜನವರಿ 22ರಂದು ಜಾರಿಗೆ ಬಂತು. ಭಾರತ, ಪಾಕಿಸ್ತಾನ ಸೇರಿ ಅಣ್ವಸ್ತ್ರ ಇರುವ ಯಾವ ದೇಶವೂ ಸಹಿ ಹಾಕಿಲ್ಲ.

‘ಬೆಂಗಳೂರು ಗಡಿಯಿಂದ ದೂರ’ ಎಂಬ ಸಮಾಧಾನವೂ ಬೇಡ. ಭಾರತ–ಪಾಕಿಸ್ತಾನದ ನಡುವೆ ಹಿರೋಷಿಮಾ ಗಾತ್ರದ 100 ಬಾಂಬ್ ಸಿಡಿದರೆ ಉರಿಯುವ ನಗರಗಳ ಮಸಿ ಬಿಸಿಲನ್ನು ತಡೆದು, ಬೆಳೆ ಕುಸಿದು, ಜಗತ್ತಿನಲ್ಲಿ 200 ಕೋಟಿ ಜನ ಹಸಿವಿಗೆ ಸಿಲುಕಬಹುದೆಂದು ಇದೇ ವೈದ್ಯರು 2013ರ ವರದಿಯಲ್ಲಿ ಎಚ್ಚರಿಸಿದ್ದಾರೆ.

ಮಾತ್ರೆ ಈಗಲೇ ತಂದಿಡಬೇಕೇ? ಬೇಡ. ಥೈರಾಯ್ಡ್ ತೊಂದರೆ ಇರುವವರಿಗೆ ಅದು ಅಪಾಯವನ್ನೂ ತರಬಹುದು. ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಅನ್ನಂತೂ ಯಾರೂ ಕುಡಿಯಬಾರದು, ಅದು ವಿಷ.