ಎರೆಹುಳುವಿನ ಉಳುಮೆ
ಹೊಲದ ಮೇಲ್ಮಣ್ಣೆಲ್ಲ ಎರೆಹುಳುಗಳ ಉದರವನ್ನು ಹಲವು ಬಾರಿ ಹಾದುಬಂದುದೆಂದು ಚಾರ್ಲ್ಸ್ ಡಾರ್ವಿನ್ 1837ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಮುಂದೆ ಪ್ರತಿಪಾದಿಸಿದರು. ಹುಳುಗಳು ಮಣ್ಣನ್ನು ನುಂಗಿ ಹಿಕ್ಕೆಯಾಗಿ ಮೇಲೆ ತರುತ್ತವೆ. ಅವು ಒಳಗೆಳೆದ ತರಗೆಲೆ ಗೊಬ್ಬರವಾಗುತ್ತದೆ. ಬಿಲಗಳ ಮೂಲಕ ಗಾಳಿ, ನೀರು ಬೇರಿಗಿಳಿಯುತ್ತವೆ. ಇದನ್ನು ಪರೀಕ್ಷಿಸಲು ಡಾರ್ವಿನ್ 1842ರ ಡಿಸೆಂಬರಿನಲ್ಲಿ ಮನೆಯ ಸಮೀಪದ ಹುಲ್ಲುಗಾವಲಿನಲ್ಲಿ ಬಿಳಿಯ ಸುಣ್ಣಕಲ್ಲಿನ ಚೂರುಗಳನ್ನು ಹರಡಿಸಿ ಕಾದರು. ಹುಳುವಿನ ತಾಳ್ಮೆ ದೊಡ್ಡದೋ, ಕಾದವರದೋ! ಅಷ್ಟರಲ್ಲಿ, 1869ರಲ್ಲಿ, ಇಷ್ಟು ದುರ್ಬಲವಾದ ಜೀವಿಗೆ ಅಂಥ ಮಹಾಕಾರ್ಯ ಅಸಾಧ್ಯವೆಂಬ ಆಕ್ಷೇಪವೂ ಬಂದಿತು. 1871ರ ನವೆಂಬರಿನಲ್ಲಿ, 29 ವರ್ಷಗಳ ತರುವಾಯ, ಕಂದಕ ತೋಡಿಸಿದಾಗ ಆ ಬಿಳಿಯ ಚೂರುಗಳ ಸಾಲು 7 ಅಂಗುಲ ಆಳದಲ್ಲಿ ಕಂಡಿತು. ನೇಗಿಲಿಗಿಂತ ಬಹು ಮೊದಲೇ ಎರೆಹುಳು ನೆಲವನ್ನು ಉಳುತ್ತಿತ್ತೆಂದು ಸಾರಿದ ಡಾರ್ವಿನ್ನರ ಗ್ರಂಥ 1881ರಲ್ಲಿ ಪ್ರಕಟವಾಯಿತು. ಮರುವರ್ಷವೇ ಅವರು ತೀರಿಕೊಂಡರು.