ಕತೆಗಿಂತ ಮೊದಲು ಹುಟ್ಟಿದ ವೀರ

1980ರ ಕೊನೆಯ ಹೊತ್ತಿಗೆ ಅಮೆರಿಕದ ಮ್ಯಾಟೆಲ್ ಆಟಿಕೆ ಕಂಪನಿಯ ವಿನ್ಯಾಸಕಾರ ರೋಜರ್ ಸ್ವೀಟ್ ತಮ್ಮ ಕಂಪನಿಯದೇ ಹಳೆಯ ಗೊಂಬೆಗಳಿಂದ ಹೊಸ ವೀರನೊಬ್ಬನನ್ನು ಮಾಡಲು ಹೊರಟರು. ಬಿಗ್ ಜಿಮ್ ಎಂಬ ಆ ಗೊಂಬೆ 1972ರಿಂದ ಮಾರಾಟದಲ್ಲಿತ್ತು. ಸುಮಾರು 10 ಇಂಚು ಎತ್ತರ, ಕ್ರೀಡಾಪಟುವಿನ ಮೈಕಟ್ಟು. ಸ್ವೀಟ್ ಅದನ್ನು ಹೊಡೆದಾಟಕ್ಕೆ ನಿಂತವನ ಭಂಗಿಗೆ ತಿರುಗಿಸಿದರು. ಆಮೇಲೆ ಜೇಡಿಮಣ್ಣು ಮೆತ್ತಿ ಎದೆ, ತೋಳು, ತೊಡೆಗಳನ್ನು ಉಬ್ಬಿಸಿದರು. ಅದರಿಂದ ಪ್ಲಾಸ್ಟರಿನ ಮೂರು ಮಾದರಿಗಳು ಸಿದ್ಧವಾದವು. ಒಂದಕ್ಕೆ ಕಾಡುವೀರನ ವೇಷ, ಒಂದಕ್ಕೆ ಸೈನಿಕನದು, ಇನ್ನೊಂದಕ್ಕೆ ಅಂತರಿಕ್ಷ ಯೋಧನದು. ಕಂಪನಿಯ ಅಧ್ಯಕ್ಷ ರೇ ವ್ಯಾಗ್ನರ್ ಅವನ್ನು ಮೆಚ್ಚಿದರು. ಇದು 2005ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಸ್ವೀಟ್ ಅವರೇ ಹೇಳಿಕೊಂಡಿರುವ ಕತೆ. 1982ರಲ್ಲಿ ಆ ಕಾಡುವೀರ ಐದೂವರೆ ಇಂಚಿನ ಪ್ಲಾಸ್ಟಿಕ್ ಗೊಂಬೆಯಾಗಿ ಅಂಗಡಿಗೆ ಬಂದ. ಅವನೇ ಹೀ-ಮ್ಯಾನ್.

ಇಂದು ಫ್ಯಾಂಟಸಿ ವೀರರ ಕಸ್ಟಮ್ ಗೊಂಬೆ ಮಾಡುವ ಹವ್ಯಾಸಿಗಳು ಅನುಸರಿಸುವ ಕ್ರಮವೂ ಹೆಚ್ಚುಕಡಿಮೆ ಇದೇ. ಅಂಗಡಿಯ ಗೊಂಬೆಯನ್ನು ಬಿಸಿನೀರಿನಲ್ಲಿ ಅದ್ದಿ, ಪ್ಲಾಸ್ಟಿಕ್ ಮೆದುವಾದಾಗ ತಲೆ, ಕೈ ಕಳಚುತ್ತಾರೆ. ಬೇರೆ ಗೊಂಬೆಯ ತಲೆ ಕೂರಿಸುತ್ತಾರೆ. ನಮ್ಮ ಮನೆಗಳಲ್ಲಿ ಸೋರುವ ಪೈಪಿಗೆ ಹಚ್ಚುವ ಎಂ-ಸೀಲ್‌ನಂಥ, ಎರಡು ಭಾಗಗಳನ್ನು ಕಲಸಿ ನಾದುವ ಪುಟ್ಟಿಯಿಂದ ಕೂದಲು, ಕವಚ, ಸ್ನಾಯುಗಳನ್ನು ತಿದ್ದುತ್ತಾರೆ. ಅದು ಗಟ್ಟಿಯಾದ ಮೇಲೆ ಮರಳು ಕಾಗದದಿಂದ ಉಜ್ಜಿ ಬಣ್ಣ ಹಚ್ಚುತ್ತಾರೆ. ಕೀಲುಗಳ ಬಳಿ ಮೊದಲೇ ತುಸು ಸವೆಸದಿದ್ದರೆ ಕೈ ಎತ್ತಿದೊಡನೆ ಬಣ್ಣ ಕಿತ್ತುಬರುತ್ತದೆ. ಇಂಥ ಕೆಲಸವನ್ನು ಕಂಪನಿ ಮಾಡಿದ 'ಮೂಲ'ದ ಮೇಲೆ ಅಭಿಮಾನಿಯ ಕೈಚಳಕ ಎಂದು ನೋಡುವುದು ರೂಢಿ. ಆದರೆ ಹೀ-ಮ್ಯಾನ್‌ನ ವಿಷಯದಲ್ಲಿ ಆ ಮೂಲವೇ ಒಂದು ಕಸ್ಟಮ್ ಗೊಂಬೆ.

ಆಟಿಕೆಗಳ ಚರಿತ್ರೆಯಲ್ಲಿ ಇದು ಒಂಟಿ ಉದಾಹರಣೆಯಲ್ಲ. 1964ರಲ್ಲಿ ಹ್ಯಾಸ್ಬ್ರೋ ಕಂಪನಿ ಜಿ.ಐ. ಜೋ ಎಂಬ ಸೈನಿಕನನ್ನು ಹೊರತಂದಾಗ, ಗಂಡುಹುಡುಗರಿಗೆ 'ಡಾಲ್' ಕೊಡಿಸಲು ಅಪ್ಪಂದಿರು ಹಿಂಜರಿದಾರು ಎಂದು 'ಆ್ಯಕ್ಷನ್ ಫಿಗರ್' ಎಂಬ ಹೆಸರು ಕಟ್ಟಿತು. ಎಲ್ಲವನ್ನೂ ಗೊಂಬೆ ಎಂದೇ ಕರೆಯುವ ಕನ್ನಡಕ್ಕೆ ಆ ಮುಜುಗರವಿಲ್ಲ. 1977ರ ಸ್ಟಾರ್ ವಾರ್ಸ್ ಸಿನಿಮಾದ ಗೊಂಬೆಗಳನ್ನು ಮಾಡಿದ ಕೆನ್ನರ್ ಕಂಪನಿಯ ವಿನ್ಯಾಸಕಾರರು ಮೊದಲ ಮಾದರಿಗಳಿಗಾಗಿ ಪ್ರತಿಸ್ಪರ್ಧಿ ಫಿಶರ್-ಪ್ರೈಸ್‌ನ ಸಣ್ಣ ಗೊಂಬೆಗಳನ್ನೇ ತಿದ್ದಿದ್ದರು. ಆದರೆ ಅವರ ಮುಂದೆ ಸಿನಿಮಾ ಇತ್ತು, ಪಾತ್ರಗಳಿದ್ದವು. ಸ್ವೀಟ್ ಅವರ ಮುಂದೆ ಇದ್ದದ್ದು ಮೈ ಮಾತ್ರ. ಅದಕ್ಕೆ ಕತೆಯಿರಲಿಲ್ಲ.

ಕತೆಯನ್ನು ಆಮೇಲೆ ತುಂಬಿದರು. ಮೊದಲ ಗೊಂಬೆಗಳ ಪೆಟ್ಟಿಗೆಯಲ್ಲಿ ಡೊನಾಲ್ಡ್ ಗ್ಲಟ್ ಬರೆದು ಆಲ್ಫ್ರೆಡೊ ಆಲ್ಕಾಲಾ ಚಿತ್ರಿಸಿದ ಪುಟ್ಟ ಪುಸ್ತಿಕೆಗಳಿದ್ದವು. ಅವುಗಳಲ್ಲಿ ಹೀ-ಮ್ಯಾನ್ ತನ್ನ ಬುಡಕಟ್ಟನ್ನು ಬಿಟ್ಟು ಹೊರಟ ಕಾಡಿನವನು. ದೂರದರ್ಶನದಲ್ಲಿ ಹೀ-ಮ್ಯಾನ್ ನೋಡಿ ಬೆಳೆದ ನಮ್ಮ ಹಿರಿಯರಿಗೆ ಪರಿಚಯವಿರುವ ಆಡಂ ಎಂಬ ರಾಜಕುಮಾರ ಅಲ್ಲಿ ಇಲ್ಲವೇ ಇಲ್ಲ. ಅವನು ನಂತರದ ಕಾಮಿಕ್ಸ್‌ನಲ್ಲಿ ಸೇರಿಕೊಂಡು, 1983ರಲ್ಲಿ ಆರಂಭವಾದ ಫಿಲ್ಮೇಷನ್ ಸಂಸ್ಥೆಯ 130 ಕಂತುಗಳ ಕಾರ್ಟೂನಿನಲ್ಲಿ ನೆಲೆಯಾದ. ವೀರ ಮೊದಲು ಹುಟ್ಟಿದ, ಅವನ ಬಾಲ್ಯ ಆಮೇಲೆ ಹುಟ್ಟಿತು.

ಕೆಲವು ಸಂಗತಿಗಳಂತೂ ಕಾರ್ಖಾನೆಯ ಮಿತವ್ಯಯದಿಂದಲೇ ಬಂದವು. ಹೀ-ಮ್ಯಾನ್‌ನ ಹಸಿರು ಹುಲಿ ಬ್ಯಾಟಲ್ ಕ್ಯಾಟ್ ನಿಜಕ್ಕೂ ಬಿಗ್ ಜಿಮ್ ಸರಣಿಯ ಹುಲಿ. ಹಳೆಯ ಅಚ್ಚನ್ನೇ ಬಳಸಿದ್ದರಿಂದ ಹೊಸ, ಕುಳ್ಳ ವೀರನ ಪಕ್ಕದಲ್ಲಿ ಅದು ವಿಪರೀತ ದೊಡ್ಡದಾಗಿ ಕಂಡಿತು. ಬೆನ್ನ ಮೇಲೆ ಜೀನು ಹಾಕಿದರು, ಹುಲಿ ವಾಹನವಾಯಿತು. ಹೊಸ ಅಚ್ಚು ಮಾಡುವ ಖರ್ಚು ಉಳಿಸಲು ಒಂದೇ ಮುಂಡ, ಒಂದೇ ಕಾಲುಗಳನ್ನು ಬೇರೆ ಬೇರೆ ಪಾತ್ರಗಳಿಗೆ ಹಂಚಿದರು. ಫೇಕರ್ ಎಂಬ ಖಳ ಇದರ ತುದಿ. ಹೀ-ಮ್ಯಾನ್‌ನ ಮೈಗೆ ನೀಲಿ ಬಣ್ಣ, ಕೂದಲಿಗೆ ಕಿತ್ತಳೆ ಬಣ್ಣ, ಎದೆಗೆ ಸ್ಕೆಲೆಟರ್‌ನ ಕವಚ. ಹೊಸದಾಗಿ ಕೆತ್ತಿದ್ದು ಏನೂ ಇಲ್ಲ. ಕತೆಯೂ ಅದನ್ನು ಒಪ್ಪಿಕೊಂಡು ಅವನನ್ನು ವೀರನ ನಕಲಿ ಪ್ರತಿಯೆಂದೇ ಕರೆಯಿತು.

ಹಳೆಯ ಮೈಗೆ ಹೊಸ ಮುಖ ಜೋಡಿಸುವುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಪಂಪ ತನ್ನ ಭಾರತದಲ್ಲಿ ಅರ್ಜುನನೊಳಗೆ ಅರಿಕೇಸರಿಯನ್ನು ಇರಿಸಿದ. ಆದರೆ ಅಲ್ಲಿ ಕತೆ ಎಲ್ಲರಿಗೂ ಗೊತ್ತಿತ್ತು, ಬದಲಾದದ್ದು ನಾಯಕನ ಗುರುತು. ಇಲ್ಲಿ ನಾಯಕ ಅಂಗಡಿಯಲ್ಲಿ ನಿಂತಿದ್ದಾನೆ, ಕತೆ ಅವನನ್ನು ಹುಡುಕಿಕೊಂಡು ಬಂದಿದೆ. ಅಮೆರಿಕದಲ್ಲಿ ಮಕ್ಕಳ ಟೆಲಿವಿಷನ್ ಪರವಾಗಿ ಹೋರಾಡುತ್ತಿದ್ದ ಪೆಗಿ ಚಾರೆನ್ ಮತ್ತು ಅವರ ಸಂಗಡಿಗರು ಇಂಥ ಕಾರ್ಟೂನುಗಳನ್ನು ಅರ್ಧ ಗಂಟೆಯ ಜಾಹೀರಾತುಗಳೆಂದು ವಿರೋಧಿಸಿದ್ದು ಇದೇ ಕಾರಣಕ್ಕೆ. ಮಾರುವುದಕ್ಕಾಗಿ ಹೆಣೆದ ಕತೆ ಮಗುವಿನ ಕಲ್ಪನೆಯ ಜಾಗವನ್ನು ತಾನೇ ತುಂಬಿಬಿಡುತ್ತದೆ ಎಂಬ ಆತಂಕ ಸುಳ್ಳಾಗಿರಲಿಲ್ಲ.

ಹಾಗಾದರೆ ಈ ವೀರ ಯಾರವನು? ಮ್ಯಾಟೆಲ್‌ನಲ್ಲೇ ಇದ್ದ ಕಲಾವಿದ ಮಾರ್ಕ್ ಟೇಲರ್, ಟೋರಾಕ್ ಎಂಬ ಕಾಡುವೀರನನ್ನು ಅದಕ್ಕೂ ಮೊದಲೇ ಚಿತ್ರಿಸಿದ್ದರು. ಹೀ-ಮ್ಯಾನ್‌ನ ಉಡುಗೆ, ಗ್ರೇಸ್ಕಲ್ ಕೋಟೆಯ ರೂಪ ಅವರ ಕೈಯಿಂದ ಬಂದವು. ಗೊಂಬೆಯನ್ನು ಕೆತ್ತಿದವರು ಟೋನಿ ಗೆರೆರೊ. ಟೇಲರ್ 2021ರಲ್ಲಿ ತೀರಿಕೊಂಡರು. ಸೃಷ್ಟಿಕರ್ತ ಯಾರು ಎಂಬ ಜಗಳ ಅವರ ಜೀವಿತಾವಧಿಯಲ್ಲಿ ತೀರಲಿಲ್ಲ. ಹೊರಗಿನಿಂದಲೂ ತಕರಾರು ಬಂತು. ರಾಬರ್ಟ್ ಹೊವರ್ಡ್ 1932ರಲ್ಲಿ ಸೃಷ್ಟಿಸಿದ ಕೋನನ್ ಪಾತ್ರದ ಹಕ್ಕುದಾರರು, ಹೀ-ಮ್ಯಾನ್ ತಮ್ಮ ವೀರನ ನಕಲು ಎಂದು ಮೊಕದ್ದಮೆ ಹೂಡಿದರು. ಕೋನನ್ ಸಿನಿಮಾದ ಗೊಂಬೆಗಳಿಗಾಗಿ ಮ್ಯಾಟೆಲ್ ಅವರೊಂದಿಗೆ ಒಪ್ಪಂದ ಮಾಡಿಕೊಂಡು ಹಿಂದೆ ಸರಿದಿತ್ತು, ಹಾಗಾಗಿ ಅನುಮಾನಕ್ಕೆ ಆಧಾರವೂ ಇತ್ತು. 1989ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಕೃತಿಸ್ವಾಮ್ಯದ ಆ ವಾದವನ್ನು ಒಪ್ಪಲಿಲ್ಲ. ಕತ್ತಿ ಹಿಡಿದ ಕಟ್ಟುಮಸ್ತಾದ ವೀರ ಎಂಬ ಸಾಮಾನ್ಯ ಕಲ್ಪನೆ ಯಾರೊಬ್ಬರ ಸೊತ್ತೂ ಅಲ್ಲ.

ಗ್ರಂಥಸಂಪಾದನೆ ಬಲ್ಲವರಿಗೆ ಈ ತೊಡಕು ಹೊಸದಲ್ಲ. ಮೂಲಪಾಠ ಹುಡುಕುತ್ತಾ ಹೋದಂತೆ ಸಿಗುವುದು ಇನ್ನೊಂದು ಪ್ರತಿ, ಅದರ ಹಿಂದೆ ಮತ್ತೊಂದು. ಟೋರಾಕ್‌ನ ಹಿಂದೆ ಕೋನನ್, ಪ್ಲಾಸ್ಟರ್ ಮಾದರಿಯ ಹಿಂದೆ ಬಿಗ್ ಜಿಮ್. ಆದರೂ ಪ್ರತಿ ಕೈ ಏನು ಸೇರಿಸಿತು ಎಂಬುದನ್ನು ಬಿಡಿಸಿ ಹೇಳಬಹುದು, ಆ ಕೈಗಳ ಹೆಸರನ್ನು ದಾಖಲಿಸಬಹುದು. ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರು ಒಂದೇ ಇರುವಾಗ ಚರಿತ್ರೆಕಾರರು ಮಾಡಬೇಕಾದ ಕೆಲಸ ಅದು. ಇಂದು ತನ್ನ ಮೇಜಿನ ಮೇಲೆ ಹೀ-ಮ್ಯಾನ್‌ನ ತಲೆ ಕಳಚಿ ಪುಟ್ಟಿಯಿಂದ ಹೊಸ ಮುಖ ತಿದ್ದುತ್ತಿರುವ ಹವ್ಯಾಸಿ, ಪೆಟ್ಟಿಗೆಯೊಂದಿಗೆ ಬಂದ ಕತೆಯನ್ನು ಬದಿಗಿಟ್ಟು ತನ್ನದನ್ನು ಆರಂಭಿಸಿದ್ದಾನೆ. ಆ ಸಾಲಿನಲ್ಲಿ ಅವನೂ ಒಂದು ಕೈ.