ರವದಿಗೆ ಬೆಂಕಿ ಬಿದ್ದದ್ದು ಯಾವಾಗಿಂದ?

ಕಬ್ಬು ಸಾಗಿಸಿದ ಮೇಲೆ ರವದಿಗೆ ಬೆಂಕಿ ಯಾಕ ಹಚ್ತೀರಿ ಅಂತ ಕೇಳಿದ್ರ, ನಮ್ಮ ಕಡೆ ಬರೋ ಉತ್ತರ ಒಂದೇ: "ಮೊದಲಿಂದ ಹಿಂಗ ಐತಿ." ಆದರೆ ಗಾಣದ ಕಾಲದಾಗ ರವದಿ ಕಸ ಆಗಿರಲಿಲ್ಲ. ಸಿಪ್ಪಿ ಜೊತೆ ಬೆಲ್ಲದ ಒಲೆಗೆ ಹೋಗ್ತಿತ್ತು, ಗುಡಿಸಲಿಗೆ ಹೊದಿಕೆ ಆಗ್ತಿತ್ತು. ಕಬ್ಬು ಕಾರ್ಖಾನೆ ದಾರಿ ಹಿಡಿದ ಮೇಲೆ ಸಿಪ್ಪಿ ಅಲ್ಲಿಗೆ ಹೋಯ್ತು, ರವದಿ ಹೊಲದಾಗ ಉಳೀತು.

ಬೆಂಕಿ ಹೆಂಗ ರೂಢಿ ಆಗ್ತದ ಅಂತ ತಿಳೀಬೇಕಾದ್ರ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಕಥೆ ನೋಡ್ರಿ. ಅಲ್ಲಿ 1930ರ ಸುಮಾರಿಗೆ ಕಬ್ಬನ್ನ ಸುಡದೆ ಕೈಯಿಂದಲೇ ಕಡೀತಿದ್ರು. ಹೊಲದ ತುಂಬ ಇಲಿ. ಅವುಗಳ ಮೂತ್ರ ಬಿದ್ದ ಹಸಿ ಮಣ್ಣು ಕೈಕಾಲಿನ ಗಾಯಕ್ಕ ತಾಗಿ ಕಡಿಯೋರಿಗೆ ಇಲಿ ಜ್ವರ ಬಂತು, ಕೆಲವರು ಸತ್ತರು. ಕಡಿಯೋ ಮೊದಲು ಸುಟ್ಟರೆ ಇಲಿ ಓಡ್ತಾವ ಅಂತ ಅವರು ಪಟ್ಟು ಹಿಡಿದ್ರು. ಸುಟ್ಟ ಕಬ್ಬು ಬೇಗ ಕೆಡ್ತದ ಅಂತ ಬೆಳೆಗಾರರು, ಕಾರ್ಖಾನೆಯವರು ಒಪ್ಪಲಿಲ್ಲ. 1934ರಾಗ ಇಂಗಮ್ ಊರಿನ ಸುತ್ತ ಮುಷ್ಕರ ಆಯ್ತು, 1935ರಾಗ ಇನ್ನೂ ಉತ್ತರಕ್ಕ ಹಬ್ಬಿತು. ಯುದ್ಧದ ಕಾಲಕ್ಕ ಆಳು ಸಿಗದಂಗಾಗಿ ಸುಡೋದೇ ಪದ್ಧತಿ ಆಯ್ತು.

ಮುಂದ 1960-70ರ ದಶಕದಾಗ ಕಡಿಯೋ ಯಂತ್ರ ಬಂತು. ಕಬ್ಬಿನಾಗ ಕೈ ಹಾಕೋರೇ ಇಲ್ಲ. ಇಲಿ ಜ್ವರದ ಕಾರಣ ಹೋಯ್ತು. ಬೆಂಕಿ ಮಾತ್ರ ನಿಲ್ಲಲಿಲ್ಲ! 1980ರ ದಶಕದಾಗ ಮಳೆ ಹೆಚ್ಚಿರೋ ಉತ್ತರದ ರೈತರು ಹಸಿ ಕಬ್ಬೇ ಕಡಿದು ರವದಿ ಹಾಸೋದು ಹೆಚ್ಚಿಸಿದ್ರು. ಕಳೆ ಕಡಿಮೆ ಆಯ್ತು, ಮಣ್ಣು ಕೊಚ್ಚಿ ಹೋಗೋದು ತಗ್ಗಿತು. ಆದರೆ ನಮ್ಮಂಗೆ ಸಾಲಿನಾಗ ನೀರು ಹಾಯಿಸೋ ಬರ್ಡೆಕಿನ್ ಭಾಗದಾಗ ಬೆಂಕಿ ಉಳೀತು. ಯಾಕಂದ್ರ ರವದಿ ಇದ್ರ ನೀರು ಮುಂದ ಹೋಗಂಗಿಲ್ಲ.

ಇದರಾಗ ನನಗ ಕಂಡ ಪಾಠ ಇಷ್ಟು: ಬೆಂಕಿಗೆ ಒಂದು ಕಾರಣ ಇರ್ತದ, ಕಾರಣ ಹೋದರೂ ರೂಢಿ ಉಳೀತದ. ನಮ್ಮಲ್ಲಿ ಇಲಿ ಜ್ವರಕ್ಕಾಗಿ ಯಾರೂ ಸುಡಂಗಿಲ್ಲ. ನೀರು ಓಡಲಿ, ಕುಳೆ ಕೆಲಸ ಬೇಗ ಮುಗೀಲಿ ಅಂತ ಸುಡ್ತೀವಿ. ಅದಕ್ಕ ಎಕರೆಗೆ 3–4 ಟನ್ ರವದಿ ಬೂದಿ ಆಗ್ತದ, ಅದರಾಗಿನ ಸಾರಜನಕ ಬಹುಪಾಲು ಹೊಗೆ ಆಗ್ತದ.

ನೀರೇ ಕಾರಣ ಆದ್ರ ದಾರಿ ಐತಿ. ಕುಳೆ ಮೇಲಿನ ರವದಿ ಸರಿಸಿ, ಸಾಲು ಬಿಟ್ಟು ಸಾಲಿಗೆ ಹಾಕ್ರಿ. ಖಾಲಿ ಸಾಲಿನಾಗ ನೀರು ಬಿಡ್ರಿ. ಹಾಸಿದ ರವದಿ ಮೇಲೆ ಸ್ವಲ್ಪ ಯೂರಿಯಾ ಎರಚಿ ಹಸಿ ಇಟ್ರ ಬೇಗ ಕೊಳೀತದ. ಹನಿ ನೀರಾವರಿ ಇದ್ದವರಿಗಂತೂ ಆ ಕಾರಣವೂ ಇಲ್ಲ.

ನಿಮ್ಮ ಹೊಲದಾಗ ಬೆಂಕಿಗೆ ಕಾರಣ ಯಾವುದು? ಬರೀರಿ.